ಏಳು ಮೊಳೆ

ದುರ್ಗಿಗುಡಿಯ ಅಡ್ಡರಸ್ತೆಯೊಂದರ ಪ್ರೆಸ್ಸಿನಲ್ಲಿ
ಫಾರಂ ಮಡಚುವುದು ನನ್ನ ಕೆಲಸ.
ಬಿದಿರ ಚಕ್ಕೆಯಿಂದ ಗೀರಿ, ಮಡಚಿ, ಎಣಿಸಿ, ಕಟ್ಟಿ.
ಮೊಳೆ ಜೋಡಿಸುವವನು ಗುತ್ಯಪ್ಪ, ಸೊರಬದ ಕಡೆಯವನು,
ಓದಿದ್ದು ನಾಲ್ಕನೇ ಕ್ಲಾಸು.
ಅಕ್ಷರವನ್ನು ಅವನ ಕಣ್ಣಿಗಿಂತ ಮೊದಲು
ಬೆರಳು ಗುರುತಿಸುತ್ತಿತ್ತು.

ಮದುವೆ ಕಾಗದ, ಟಾಕೀಸಿನ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಸೀದಿ ಬುಕ್ಕು.
ಇವುಗಳ ನಡುವೆ ಒಂದು ಮಧ್ಯಾಹ್ನ
ಧರಣೇಂದ್ರಯ್ಯ ಮೇಷ್ಟರು ಬಂದು
ಚೀಲದಿಂದ ಕಲ್ಲುಗಳನ್ನು ತೆಗೆದರು.
ಕಲ್ಲೆಂದರೆ ಕಲ್ಲಲ್ಲ, ಕಲ್ಲಿನ ಮೇಲಿದ್ದ ಮಾತು:
ಇಪ್ಪತ್ತು ವರ್ಷ ಸೈಕಲ್ಲು ತುಳಿದು ನಕಲು ಮಾಡಿದ ವೀರಗಲ್ಲುಗಳು.

"ಇದಕ್ಕೆ ಇನ್ನೆರಡು ಅಕ್ಷರ ಬೇಕು" ಅಂದರು.
ಒಂದು, ಗಾಡಿಯ ಗಾಲಿಯಂಥ ಱ.
ಇನ್ನೊಂದು ೞ. ನಾಲಿಗೆ ಹಿಂದಕ್ಕೆ ಮಡಚಿ ಹೇಳಬೇಕಂತೆ;
ನಮ್ಮ ಯಾರ ನಾಲಿಗೆಯೂ ಅಷ್ಟು ದೂರ ಹೋಗಲಿಲ್ಲ.
ಕೆಳಗಿನ ಖಾನೆಯ ಧೂಳು ಊದಿದಾಗ
ಗಾಲಿಗಳು ಬೇಕಾದಷ್ಟು ಸಿಕ್ಕವು.
ೞ ಮಾತ್ರ ಏಳು.
"ಏಳನ್ನೂ ಮುಂಚೆ ಅದರಲ್ಲೇ ಬರೆಯುತ್ತಿದ್ದರು, ಏೞ್ ಅಂತ."
"ಹಾಗಾದರೆ ಲೆಕ್ಕ ಹೇಳಿದರೇ ಒಂದು ಖರ್ಚು" ಅಂದ ಗುತ್ಯಪ್ಪ.

ಮೇಷ್ಟರು ಮೊಣಕಾಲ ಮೇಲೆ ಪ್ರೂಫು ಹರಡಿ
ತಿದ್ದುತ್ತ ತಿದ್ದುತ್ತ ನಮಗೂ ಹೇಳುತ್ತಿದ್ದರು.
ಹಸುವನ್ನು ಕರೆಯುವಾಗ ಒಂದು ರ,
ಅದೇ ಹಸುವಿನ ಹಾಲು ಕಱೆಯುವಾಗ ಇನ್ನೊಂದು.
ನೀರು ಹರಿಯುವುದೂ ಪಂಚೆ ಹರಿಯುವುದೂ
ಹಿಂದೆ ಒಂದೇ ಮಾತಲ್ಲ.
ನಮ್ಮ ತುಂಗೆ ಹೊಳೆ,
ಬಿಸಿಲಿಗೆ ಅದು ಹೊಳೆಯುವ ಹೊಳೆ,
ಎರಡಕ್ಕೂ ಬೇರೆ ಬೇರೆ ತಾಯಿ.
ಆಡಿ ಆಡಿ ಸವೆದು, ಈಗ ಮುಖ ನೋಡಿದರೆ ಅವಳಿ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ.
"ಎಮ್ಮೆಗೆ ಗೊತ್ತಿರುತ್ತದೆ ಬಿಡು" ಅಂದಳು,
"ಕೈಯಲ್ಲಿ ಚೊಂಬಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು."

ನಲವತ್ತೊಂದನೇ ಪುಟ.
ತುಱುಗಳ್ಳರ ಬೆನ್ನಟ್ಟಿ, ಊರ ದನ ಬಿಡಿಸಿ
ಅಲ್ಲೇ ಸತ್ತ ಒಬ್ಬ ಬೊಮ್ಮ.
ಆ ಪುಟಕ್ಕೆ ಎಂಟು ೞ ಬೇಕಿತ್ತು.
ಗುತ್ಯಪ್ಪ ಖಾನೆ ತಡವಿದ, ನೆಲ ತಡವಿದ,
ಕೊನೆಯ ಸಾಲಿಗೆ ಒಂದು ಬಡ ಳ ಸಿಕ್ಕಿಸಿದ.
ಐನೂರು ಪ್ರತಿ ಅಚ್ಚಾಯಿತು.

ಮೇಷ್ಟರು ಓದಿ ಕನ್ನಡಕ ತೆಗೆದರು.
"ಬಾೞ್ ಅಂದರೆ ಬದುಕು. ಬಾಳ್ ಅಂದರೆ ಕತ್ತಿ.
ತನ್ನ ಬಾೞಂ ಕೊಟ್ಟಂ ಅಂತ ಬರೆದುಕೊಟ್ಟೆ.
ಜೀವ ಕೊಟ್ಟವನು ನಿನ್ನ ಕೈಯಲ್ಲಿ
ಕತ್ತಿ ಒಪ್ಪಿಸಿ ಶರಣಾದನಲ್ಲಯ್ಯ!"
"ಎಂಟನೆಯದು ಇರಲಿಲ್ಲ ಸಾರ್."
ಆಮೇಲೆ ಮೆಲ್ಲಗೆ:
"ಆ ಕಲ್ಲು ನಮ್ಮೂರಿನದೇ. ದನ ಮೈ ತಿಕ್ಕುವ ಕಲ್ಲು."

ಭಾನುವಾರ ಸೊರಬದ ಬಸ್ಸಿಗೆ ಮೂವರೂ ಹೋದೆವು.
ನಾನು ಯಾಕೆ ಹೋದೆನೋ, ಬುತ್ತಿ ಹಿಡಿದುಕೊಳ್ಳಲು ಇರಬೇಕು.
ತೆಂಗಿನ ನಾರಿನಿಂದ ಪಾಚಿ ಉಜ್ಜಿ
ಒದ್ದೆ ಕಲ್ಲಿಗೆ ಸುಣ್ಣದ ಪುಡಿ ಒತ್ತಿದಾಗ
ಅಕ್ಷರಗಳು ಒಂದೊಂದಾಗಿ ಎದ್ದವು.
ಮೇಷ್ಟರ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.
ಅಲ್ಲಿದ್ದದ್ದು ಳ.
ಗಂಟಿಲ್ಲ, ಮಡಿಕೆಯಿಲ್ಲ,
ಸಂತೆಯಲ್ಲಿ ಸಿಗುವಂಥ ಮಾಮೂಲು ಳ.

ಬಹಳ ಹೊತ್ತು ಕೂತರು.
"ನಾನೇ ತಿದ್ದಿದ್ದೆ" ಅಂದರು. "ಎಳೆಯ ವಯಸ್ಸು, ವ್ಯಾಕರಣದ ಸೊಕ್ಕು.
ಕೊರೆದವನಿಗೆ ಗೊತ್ತಿಲ್ಲ ಅಂದುಕೊಂಡೆ."
ಗುತ್ಯಪ್ಪ ಕಲ್ಲಿನ ಬೊಮ್ಮನನ್ನು ನೋಡುತ್ತಿದ್ದ:
ಕೈಯಲ್ಲಿ ಕತ್ತಿ ಇನ್ನೂ ಇತ್ತು, ಮುಖ ಸವೆದಿತ್ತು.
"ಆ ಕುಟಿಗನ ಹತ್ತಿರವೂ
ಎಂಟನೆಯದು ಖಾಲಿಯಾಗಿತ್ತೇನೋ ಸಾರ್."
ಬೇಲಿಯಾಚೆ ಯಾರೋ ದನ ಕರೆಯುತ್ತಿದ್ದರು.
ಯಾವ ರ ಎಂದು ಯಾರೂ ಕೇಳಲಿಲ್ಲ.

ಪುಸ್ತಕ ಬಂತು. ಹಿಂದೆ ತಪ್ಪೊಪ್ಪಿನ ಒಂದು ಚೀಟಿ,
ಐನೂರಕ್ಕೂ ಗೋಂದು ಹಚ್ಚಿ ಅಂಟಿಸಿದವಳು ನಾನು.
ಮೇಷ್ಟರು ಹೇಳಿದಂತೆಯೇ ಗುತ್ಯಪ್ಪ ಜೋಡಿಸಿದ್ದ:

ಪುಟ ೪೧, ಕೊನೆಯ ಸಾಲು.
ತಪ್ಪು: ಬಾಳಂ.
ಒಪ್ಪು: ಬಾಳಂ.